ಆಟಿ ತಿಂಗಳಲ್ಲಿ ಹಾರುತ್ತಿದ್ದ ಅಕ್ಕ

ಅಕ್ಕ ನನಗೆ ಹೇಳಿದ್ದು ಒಂದೇ ಕೆಲಸ. ಪುತ್ತೂರಿನ ಜೀನಸಿನ ಅಂಗಡಿಯಲ್ಲಿ ಮದುವೆಯೊಂದರ ಅಡುಗೆಯ ಸಾಮಾನು ಕಟ್ಟಿಸಿದ ಕೂಡಲೇ ಬಿಲ್ಲನ್ನು ಅವಳ ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟು ಬರಬೇಕು. ಕಾರ್ಡು ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಅದನ್ನು ಉಜ್ಜುವ ಯಂತ್ರ ಅಂಗಡಿಯ ಮೇಜಿನ ಮೇಲೇ ಇತ್ತು. ನಾನು ಉಜ್ಜಲಿಲ್ಲ. ಸಂಜೆ ಅವಳು ಕೇಳಿದಾಗ ಉಜ್ಜಿ ಆಯಿತು ಎಂದು ಹೇಳಿದೆ. ನಡೆದದ್ದು ಇಷ್ಟೇ. ಆ ಬಿಲ್ಲನ್ನು ಆಮೇಲೆ ಅದೇ ಕಾರ್ಡಿನಲ್ಲಿ ಕಟ್ಟಿದ್ದೇನೆ, ಅಂಗಡಿಯವರಿಗೂ ನಷ್ಟವಿಲ್ಲ, ಮದುವೆಯವರಿಗೂ ನಷ್ಟವಿಲ್ಲ. ನಷ್ಟವಾದದ್ದು ಅಕ್ಕನಿಗೆ ಮಾತ್ರ. ಅದೂ ದುಡ್ಡಿನದ್ದಲ್ಲ.

ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ಬರೆದು ಅಭ್ಯಾಸವಿಲ್ಲ. ಆದರೆ ಅಕ್ಕ ಅಡುಗೆ ಬಿಟ್ಟು, ಅವಳ ಕೊಪ್ಪರಿಗೆ, ಬಾಣಲೆಗಳನ್ನೆಲ್ಲ ಸುಳ್ಯದ ಅಡುಗೆಯವರೊಬ್ಬರು ಲಾರಿಯಲ್ಲಿ ತುಂಬಿಸಿಕೊಂಡು ಹೋದ ದಿನದಿಂದ ನನಗೆ ಒಂದು ಕಡೆ ಕೂರಲಾಗುತ್ತಿಲ್ಲ. ಅಂಗಳಕ್ಕೆ ಹೋಗುತ್ತೇನೆ, ಒಳಗೆ ಬರುತ್ತೇನೆ. ಪಿಕಪ್ಪಿನ ಬಾಗಿಲು ತೆಗೆದು ಕೂತು, ಹೋಗಲು ಎಲ್ಲಿಯೂ ಇಲ್ಲ ಎಂದು ಇಳಿಯುತ್ತೇನೆ. ನನ್ನ ಹೆಂಡತಿ, "ನಿಮಗೂ ಅಕ್ಕನ ರೋಗ ಹಿಡಿಯಿತಾ?" ಎಂದು ಕೇಳಿದಳು.

ಅಕ್ಕನ ರೋಗ ಎಂದರೆ ಅವಳು ಕೂರದೇ ಇರುವುದು. ಕುಳ್ಳಗಿನ ದೇಹ, ನಡಿಗೆ ಮಾತ್ರ ಜೋರು. ಫೋನ್ ಬಂದರೆ ಅಂಗಳದ ಈ ತುದಿಯಿಂದ ಆ ತುದಿಗೆ ನಡೆಯುತ್ತಲೇ ಮಾತಾಡುವುದು. ಬ್ಯಾಂಕಿನ ಸಹಾಯವಾಣಿಯವರು ಸಂಗೀತ ಹಾಕಿ ಕಾಯಿಸಿದರೆ ಅವಳು ನಮ್ಮ ಕುಂಬ್ರದ ಪೇಟೆಯವರೆಗೆ ನಡೆದು ಮುಟ್ಟಿರುತ್ತಿದ್ದಳು. ಮಾತು ಮುಗಿಯುವಾಗ ಅಲ್ಲಿಂದಲೇ ಒಂದು ಕಟ್ಟು ಕೊತ್ತಂಬರಿ ಸೊಪ್ಪು ಹಿಡಿದುಕೊಂಡು ಹಿಂದೆ ಬರುವುದು. ಚಾ ಕುಡಿಯುವುದು ನಿಂತೇ. ನಾವು ಕೂರು ಎಂದರೆ, "ಕೂತರೆ ಆಮೇಲೆ ಏಳ್ಬೇಕಲ್ಲ ಮಾರಾಯ, ಎರಡು ಕೆಲಸ ಆಗ್ತದೆ" ಎನ್ನುತ್ತಿದ್ದಳು.

ಅವಳಿಗೆ ಮದುವೆ ಒಂದು ಆಗಿತ್ತು, ಕಾಣಿಯೂರಿನ ಕಡೆಗೆ. ಅದರ ವಿಷಯ ಅವಳು ಹೇಳಿದ್ದಿಲ್ಲ, ನಾನೂ ಹೇಳುವುದಿಲ್ಲ. ತಿರುಗಿ ಬಂದವಳು ಮನೆಯಲ್ಲಿ ಸುಮ್ಮನೆ ಇರಲಾಗದೆ ಕೆದಂಬಾಡಿಯ ಒಂದು ಮನೆಯ ಸೀಮಂತಕ್ಕೆ ಹೋಳಿಗೆ ಮಾಡಿಕೊಟ್ಟಳು. ಆ ಹೋಳಿಗೆ ತಿಂದವರು ನಾಮಕರಣಕ್ಕೆ ಕರೆದರು, ನಾಮಕರಣಕ್ಕೆ ಬಂದವರು ಮನೆ ಒಕ್ಕಲಿಗೆ, ಎಂದರೆ ಗೃಹಪ್ರವೇಶಕ್ಕೆ, ಕರೆದರು. ನಮ್ಮ ಕಡೆ ಮದುವೆಯ ಅಡುಗೆಗೆ ಗಂಡಸರನ್ನೇ ಕರೆಯುವುದು ರೂಢಿ. ಹಾಗಿದ್ದೂ ಕೆಲವು ವರ್ಷಗಳಲ್ಲಿ ಪುತ್ತೂರು, ಸುಳ್ಯ, ಕಡಬದ ಸಭಾಭವನಗಳ ಅಡುಗೆಮನೆಗಳೆಲ್ಲ ಅವಳಿಗೆ ಗೊತ್ತಿದ್ದವು. ಯಾವುದರ ಒಲೆ ಹೊಗೆ ಕಾರುತ್ತದೆ, ಯಾವುದರ ನಲ್ಲಿಯಲ್ಲಿ ಹನ್ನೊಂದು ಗಂಟೆಗೆ ನೀರು ನಿಲ್ಲುತ್ತದೆ ಎಂದು ಬಾಯಿಪಾಠ. ನಾನು ಅವಳ ಪಿಕಪ್ ಓಡಿಸುವುದು, ಪಾತ್ರೆ ಇಳಿಸುವುದು, ಅನ್ನದ ಕೊಪ್ಪರಿಗೆ ಬಗ್ಗಿಸುವುದು. ಬಡಿಸುವವರು ಬೇರೆ.

ಅಡುಗೆಯವರು ಉಣ್ಣುವುದು ಎಲ್ಲರದೂ ಆದ ಮೇಲೆ. ಕಡೆಯ ಪಂಕ್ತಿ ಎದ್ದು, ಸಭಾಭವನದವರು ನೆಲಕ್ಕೆ ನೀರು ಹೊಯ್ಯಲು ಶುರು ಮಾಡಿರುತ್ತಾರೆ. ಆಗ ನಾವು ಹಿಂದಿನ ಜಗಲಿಯಲ್ಲಿ ಉಳಿದದ್ದನ್ನು ಹಾಕಿಕೊಳ್ಳುವುದು. ಬೆಳಿಗ್ಗೆಯಿಂದ ಒಗ್ಗರಣೆಯ ಹೊಗೆ ಕುಡಿದವರಿಗೆ ಹಸಿವೆಯೂ ಇರುವುದಿಲ್ಲ. ಅಕ್ಕ ಒಂದು ಲೋಟ ಮಜ್ಜಿಗೆಗೆ ಎರಡು ಮುಷ್ಟಿ ಅನ್ನ ಹಾಕಿ ಒಲೆಯ ಪಕ್ಕ ನಿಂತು ಕುಡಿದುಬಿಡುತ್ತಿದ್ದಳು. ಅವಳೆದುರು ಎಲೆ ಹಾಕಿ, "ಇನ್ನು ಸ್ವಲ್ಪ ಬಡಿಸ್ಲಾ?" ಎಂದು ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ. ನಾನೂ ಕೇಳಿದವನಲ್ಲ.

ಆ ಮಾತನ್ನು ಅವಳ ಹತ್ತಿರ ಯಾರಾದರೂ ಮೊದಲು ಕೇಳಿದ್ದು ಮುಂಬೈಯ ವಿಮಾನ ನಿಲ್ದಾಣದಲ್ಲಿ. ಸುಳ್ಯದ ಕಡೆಯವರೊಬ್ಬರು ಅಲ್ಲಿ ಮನೆ ತೆಗೆದುಕೊಂಡು, ಒಕ್ಕಲಿಗೆ ಊರಿನ ಅಡುಗೆಯೇ ಆಗಬೇಕೆಂದು ಅಕ್ಕನನ್ನು ವಿಮಾನದಲ್ಲಿ ಕರೆಸಿಕೊಂಡಿದ್ದರು. ವಾಪಸು ಬರುವಾಗ ಅವರೂ ಜೊತೆಗಿದ್ದರು. ವಿಮಾನ ತಡ ಎಂದು ಗೊತ್ತಾದಾಗ ಅವರು ತಮ್ಮ ಗೋಲ್ಡ್ ಕಾರ್ಡು ತೋರಿಸಿ ಅಕ್ಕನನ್ನು ಲೌಂಜ್ ಎಂಬ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ಮೆತ್ತನೆಯ ಕುರ್ಚಿಯಲ್ಲಿ ಅಕ್ಕನನ್ನು ಕೂರಿಸಿ ಅವರು ಫೋನಿನಲ್ಲಿ ಮಾತಾಡಲು ಹೋದರಂತೆ. ಆಗ ಒಬ್ಬ ಹುಡುಗ ಬಂದು ಬಗ್ಗಿ ನಿಂತು, ದೋಸೆ ಹಾಕಿಸಲಾ ಅಮ್ಮ ಎಂದು ಹಿಂದಿಯಲ್ಲಿ ಕೇಳಿದನಂತೆ.

"ನಾನು ಹಿಂದೆ ತಿರುಗಿ ನೋಡಿದೆ ಮಾರಾಯ, ಯಾರ ಹತ್ರ ಕೇಳುದು ಅಂತ."

"ಮತ್ತೆ?"

"ಮತ್ತೆ ಎಂತ, ತಂದುಕೊಟ್ಟ. ದೋಸೆ ಚರ್ಮದ ಹಾಗೆ ಇತ್ತು. ಚಟ್ನಿಗೆ ಉಪ್ಪಿಲ್ಲ. ಆದರೂ ಎರಡು ತಿಂದೆ. ಎರಡು ತಿಂದ ಮೇಲೆ ಪುನಃ ಬಂದು ಕೇಳಿದ, ಇನ್ನೊಂದು ತರ್ಲಾ ಅಂತ."

ಈ ಕತೆಯನ್ನು ಅವಳು ಎಷ್ಟು ಸಲ ಹೇಳಿದ್ದಾಳೋ. ಪ್ರತಿ ಸಲವೂ ದೋಸೆಯನ್ನು ಬೈಯುವಳು. ಇನ್ನೊಂದು ತರ್ಲಾ ಎಂಬಲ್ಲಿಗೆ ಬಂದಾಗ ಮಾತ್ರ ದನಿ ಸಣ್ಣದಾಗುತ್ತಿತ್ತು.

ಆಮೇಲೆ ಅವಳಿಗೆ ಆ ಗೋಲ್ಡಿನದೇ ಧ್ಯಾನ. ಮುಂಬೈಯ ಆ ಸುಳ್ಯದವರನ್ನು ಫೋನಿನಲ್ಲಿ ಕೇಳಿ ಕೇಳಿ ತಿಳಿದುಕೊಂಡಳು. ಅವಳು ನನಗೆ ಹೇಳಿಕೊಟ್ಟ ಹಾಗೆಯೇ ಹೇಳುತ್ತೇನೆ. ಬೇರೆ ಬೇರೆ ದೇಶದ ವಿಮಾನ ಕಂಪೆನಿಗಳು ಸೇರಿ ಒಂದು ಕೂಟ ಮಾಡಿಕೊಂಡಿವೆ. ಅದರಲ್ಲಿ ಒಂದು ಕಂಪೆನಿಗೆ ಸದಸ್ಯರಾಗಿ, ಜನವರಿಯಿಂದ ಡಿಸೆಂಬರಿನ ಒಳಗೆ ಇಂತಿಷ್ಟು ಪಾಯಿಂಟ್ ಮಾಡಿದರೆ ಗೋಲ್ಡ್ ಎಂಬ ದರ್ಜೆ ಕೊಡುತ್ತಾರೆ. ಒಬ್ಬರು ಕೊಟ್ಟ ಗೋಲ್ಡನ್ನು ಕೂಟದ ಉಳಿದವರೂ ಒಪ್ಪಬೇಕು. ಸಾಲಿನಲ್ಲಿ ಮೊದಲು ಬಿಡುತ್ತಾರೆ, ಸಾಮಾನು ಹೆಚ್ಚು ಒಯ್ಯಬಹುದು, ಲೌಂಜಿನಲ್ಲಿ ಕೂರಬಹುದು, ಜೊತೆಗೆ ಒಬ್ಬರನ್ನು ಕರೆದುಕೊಂಡೂ ಹೋಗಬಹುದು. ಪಾಯಿಂಟ್ ಬರುವುದು ಹಾರಿದರೆ. ಆದರೆ ಆ ಕಂಪೆನಿಯ ಹೆಸರಿನಲ್ಲಿ ಬ್ಯಾಂಕಿನವರು ಕೊಡುವ ಕ್ರೆಡಿಟ್ ಕಾರ್ಡು ಒಂದಿದೆ. ವರ್ಷದೊಳಗೆ ಅದರಲ್ಲಿ ದೊಡ್ಡ ಮೊತ್ತ ಖರ್ಚಾದರೆ ದರ್ಜೆಯ ಪಾಯಿಂಟನ್ನೂ ಸೇರಿಸುತ್ತಾರೆ, ಟಿಕೆಟ್ಟಿಗೆ ಆಗುವ ಮೈಲುಗಳನ್ನೂ ಕೊಡುತ್ತಾರೆ. ಅರ್ಧ ಹಾರಿ, ಅರ್ಧ ಉಜ್ಜಿ ಅಕ್ಕ ಗೋಲ್ಡ್ ಆದದ್ದು.

ಉಜ್ಜುವುದಕ್ಕಾಗಿ ಅವಳು ಊರಿನ ಕ್ರಮವನ್ನೇ ಬದಲಿಸಿದಳು. ನಮ್ಮಲ್ಲಿ ಅಡುಗೆಯವರು ಸಾಮಾನಿನ ಪಟ್ಟಿ ಕೊಡುವುದು, ಮನೆಯವರು ತಂದು ಹಾಕುವುದು. ಅಕ್ಕ, "ನೀವು ಅಂಗಡಿಗೆ ಅಲೆಯುದು ಬೇಡ, ಸಾಮಾನು ನಾನೇ ತರ್ತೇನೆ, ಕಾರ್ಯ ಕಳೆದ ಮೇಲೆ ಒಟ್ಟಿಗೆ ಕೊಡಿ" ಎಂದು ಹೇಳತೊಡಗಿದಳು. ಮನೆಯವರಿಗೆ ಸುಲಭವಾಯಿತು. ನೆರೆಯವರ ಕರೆಂಟು ಬಿಲ್ಲು, ಯಾರದೋ ಮಗಳ ಕಾಲೇಜಿನ ಫೀಸು, ತೋಟಕ್ಕೆ ಗೊಬ್ಬರ, ಎಲ್ಲವೂ ಅವಳ ಕಾರ್ಡಿನಲ್ಲಿ. ಅವರು ದುಡ್ಡು ತಂದು ಅವಳ ಕೈಗೆ ಕೊಡುವುದು, ಅವಳು ತಾರೀಕು ತಪ್ಪದೆ ಬ್ಯಾಂಕಿಗೆ ಹಾಕುವುದು. ಕುಂಬ್ರದಲ್ಲಿ ಯಾರ ಮನೆಗೆ ಹೊಸ ಫ್ರಿಜ್ಜು ಬರುತ್ತದೆ ಎಂದು ಆ ಮನೆಯ ಸೊಸೆಗಿಂತ ಮೊದಲು ಅಕ್ಕನಿಗೆ ಗೊತ್ತಿರುತ್ತಿತ್ತು. "ಫ್ರಿಜ್ಜು ತೆಗೀತೀರಂತೆ ಮಾರಾಯ್ರೆ, ನನ್ನನ್ನು ಬಿಟ್ಟು ಹೋಗ್ಬೇಡಿ" ಎಂದು ಬೇಲಿಯ ಹತ್ತಿರ ನಿಂತು ಹೇಳುವಳು.

ಹಾರುವುದು ಆಟಿ ತಿಂಗಳಲ್ಲಿ, ಆಷಾಢದ ಜೋರು ಮಳೆಯ ಕಾಲದಲ್ಲಿ. ಆಟಿಯಲ್ಲಿ ನಮ್ಮ ಕಡೆ ಮದುವೆ, ಮುಂಜಿ ಇಲ್ಲ. ಅಡುಗೆಯವರೆಲ್ಲ ಮನೆಯಲ್ಲಿ ಕೂತು ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಳ್ಳುವ ಕಾಲ. ಅಕ್ಕ ಪುತ್ತೂರಿನಿಂದ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ, ಅಲ್ಲಿಂದ ದೆಹಲಿಗೆ ಹಾರಿ, ಅದೇ ಸಂಜೆ ಹಿಂದೆ ಹಾರಿ, ಪುನಃ ಬಸ್ಸು ಹತ್ತುವಳು. ಚಿನ್ನ ಬೇಡ, ಸೀರೆ ಬೇಡ, ಉಳಿದದ್ದೆಲ್ಲ ಟಿಕೆಟ್ಟಿಗೆ.

"ದೆಹಲಿಯಲ್ಲಿ ಎಂತ ನೋಡಿದ್ರಿ?" ಎಂದು ನನ್ನ ಹೆಂಡತಿ ಕೇಳಿದರೆ, "ಬಾಗಿಲು ನೋಡಿದೆ. ಒಂದರಲ್ಲಿ ಹೊರಗೆ ಹೋಗಿ ಇನ್ನೊಂದರಲ್ಲಿ ಒಳಗೆ ಬಂದೆ" ಎನ್ನುವಳು.

ನೆರೆಮನೆಯ ಹೆಂಗಸೊಬ್ಬಳು ಅಕ್ಕನಿಗೆ ದೆಹಲಿಯಲ್ಲಿ ಯಾರೋ ಇದ್ದಾರೆ ಎಂದು ಸುದ್ದಿ ಹಬ್ಬಿಸಿದಳು. ಅಕ್ಕ ಅವಳನ್ನು ಅಂಗಡಿಯ ಎದುರೇ ಹಿಡಿದು ನಿಲ್ಲಿಸಿ, "ಹೌದು ಮಾರಾಯ್ತಿ, ಉಂಟು. ಲೌಂಜಲ್ಲಿ ಒಂದು ಸಮೋಸ ಉಂಟು. ನನ್ನನ್ನೇ ಕಾಯ್ತಾ ಇರ್ತದೆ" ಎಂದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಯಾಕೆಂದರೆ ನನಗೆ ಅವಳ ಹಾರಾಟ ಹಿಡಿಸುತ್ತಿರಲಿಲ್ಲ. ಪಿಕಪ್ ನಿಲ್ಲಿಸಿದಲ್ಲೆಲ್ಲ ಜನ ನನ್ನನ್ನು ಕೇಳುವುದು, "ಎಂತ, ಅಕ್ಕ ಮೇಲೆ ಇದ್ದಾರಾ, ಕೆಳಗೆ ಇದ್ದಾರಾ?" ಹೆಂಗಸೊಬ್ಬಳು ಒಂಟಿಯಾಗಿ ಕಾರಣವಿಲ್ಲದೆ ಹೋಗಿ ಬರುವುದು ಊರಿಗೆ ಅರ್ಥವಾಗುವುದಿಲ್ಲ. ನನಗೂ ಆಗಿರಲಿಲ್ಲ. ಅವಳೇನೋ ತಮಾಷೆ ಮಾಡಿ ದಾಟುತ್ತಿದ್ದಳು, ನನಗೆ ಆ ಬಾಯಿ ಇಲ್ಲ. ಮೇಲಾಗಿ ಗೋಲ್ಡ್ ಸಿಕ್ಕಿದ ವರ್ಷದಿಂದ ಅವಳು ನನ್ನ ಬೆನ್ನು ಹತ್ತಿದ್ದಳು.

"ಒಬ್ಬರನ್ನು ಕರ್ಕೊಂಡು ಹೋಗ್ಲಿಕ್ಕೆ ಆಗ್ತದೆ. ನೀನು ಬಾ."

"ನನಗೆ ಎಂತಕ್ಕೆ?"

"ಕೂರ್ಲಿಕ್ಕೆ. ನೀನು ಒಂದು ಸಲ ಕೂತು ತಿನ್ನುದನ್ನು ನಾನು ನೋಡ್ಬೇಕು."

ಹೊಗೆ ಹಿಡಿದ ಕೈ, ಒಡೆದ ಹಿಮ್ಮಡಿ ಇಟ್ಟುಕೊಂಡು ಅಂಥಲ್ಲಿ ಹೋಗಿ ಕೂರುವುದನ್ನು ನೆನೆಸಿದರೆ ನನಗೆ ಬೆವರುತ್ತಿತ್ತು. ಮುಂದಿನ ಆಟಿ, ಮುಂದಿನ ಆಟಿ ಎಂದು ತಪ್ಪಿಸುತ್ತಾ ಬಂದೆ. ಅವಳು ನನ್ನ ಒಪ್ಪಿಗೆ ಕೇಳದೆಯೇ ಕಚೇರಿಗೆ ಎಳೆದುಕೊಂಡು ಹೋಗಿ ನನಗೆ ಪಾಸ್‌ಪೋರ್ಟ್ ಮಾಡಿಸಿದಳು. ಪೊಲೀಸರು ವಿಚಾರಣೆಗೆ ಮನೆಗೆ ಬಂದಾಗ ಊರಿಗೆಲ್ಲ ನಾನು ಏನೋ ಮಾಡಿಕೊಂಡಿದ್ದೇನೆ ಎಂದಾಯಿತು. ಅಷ್ಟಕ್ಕೂ ಬಿಡದೆ ಕೂಡಿಟ್ಟ ಮೈಲುಗಳಲ್ಲಿ ಮರುವರ್ಷದ ಆಟಿಗೆ ಸಿಂಗಾಪುರಕ್ಕೆ ಇಬ್ಬರಿಗೂ ಟಿಕೆಟ್ ತೆಗೆದಳು. ಸಿಂಗಾಪುರ ಅವಳಿಗೆ ಮುಖ್ಯವಲ್ಲ. ಬೆಂಗಳೂರಿನಲ್ಲಿ ಹೊರದೇಶಕ್ಕೆ ಹೋಗುವವರಿಗೆ ಇರುವ ಆ ದೊಡ್ಡ ಲೌಂಜಿನಲ್ಲಿ ನನ್ನನ್ನು ಕೂರಿಸುವುದು ಮುಖ್ಯ.

ಅದಕ್ಕೆ ಗೋಲ್ಡ್ ಮರುವರ್ಷಕ್ಕೂ ಉಳಿಯಬೇಕಿತ್ತು. ಹಾರಾಟದ ಪಾಯಿಂಟ್ ಆಗಿತ್ತು. ಕಾರ್ಡಿನ ಖರ್ಚು ಸ್ವಲ್ಪ ಕಡಿಮೆ ಬಿದ್ದಿತ್ತು. ಇಲ್ಲಿ ಒಂದು ತೊಡಕಿದೆ. ವಿಮಾನದವರ ವರ್ಷ ಮುಗಿಯುವುದು ಡಿಸೆಂಬರಿಗೆ. ನಮ್ಮಲ್ಲಿ ಆ ತಿಂಗಳ ನಡುವೆ ಧನುರ್ಮಾಸ ಹಿಡಿಯುತ್ತದೆ, ಮತ್ತೆ ಸಂಕ್ರಾಂತಿಯವರೆಗೆ ಮದುವೆ ಇಲ್ಲ, ಅಡುಗೆ ಇಲ್ಲ, ಉಜ್ಜುವುದಕ್ಕೂ ಏನಿಲ್ಲ. ಕಡಬದಲ್ಲಿ ಒಂದು ದೊಡ್ಡ ಮದುವೆ, ಧನುರ್ಮಾಸಕ್ಕೆ ಮೊದಲಿನ ಕೊನೆಯದ್ದು. ಆ ಸಾಮಾನಿನ ಬಿಲ್ಲು ಬಿದ್ದರೆ ಸಾಕು. ಅಕ್ಕ ಕಡಬದಲ್ಲಿ ಒಲೆ ಹೂಡಿಸಲು ಹೋಗುವ ಮೊದಲು ಕಾರ್ಡನ್ನು ನನ್ನ ಜೇಬಿಗೆ ಅವಳೇ ಹಾಕಿದಳು.

"ಇವತ್ತೇ ಉಜ್ಜು. ಆಮೇಲೆ ಅಂತ ಹೇಳಿದ್ರೆ ಒಪ್ಪಬೇಡ, ಗೊತ್ತಾಯ್ತಾ?"

"ಗೊತ್ತಾಯ್ತು."

ಅಂಗಡಿಯ ಯಜಮಾನರು ನಮ್ಮ ಅಪ್ಪನ ಕಾಲದವರು. ಸಾಮಾನೆಲ್ಲ ಪಿಕಪ್ಪಿಗೆ ಏರಿದ ಮೇಲೆ ನಾನು ಕಾರ್ಡು ತೆಗೆದೆ. ಅವರು ಕನ್ನಡಕದ ಮೇಲಿನಿಂದ ನೋಡಿ ನಕ್ಕರು.

"ಎಂತ ಮಾರಾಯ, ಅಕ್ಕನ ಕಾರ್ಡಾ? ಅಕ್ಕ ವಿಮಾನದಲ್ಲಿ ಕೂರ್ಲಿಕ್ಕೆ ತಮ್ಮ ಗೋಣಿ ಹೊರುದು. ಒಳ್ಳೆ ಕಂಪೆನಿ."

ಅಂಗಡಿಯಲ್ಲಿ ಇದ್ದವರೆಲ್ಲ ನಕ್ಕರು. ಕುಂಬ್ರದವರೊಬ್ಬರು, "ನಿನ್ನನ್ನು ಲಗೇಜಿನಲ್ಲಾದ್ರೂ ಹಾಕ್ತಾರಾ?" ಎಂದರು. ಮತ್ತೂ ನಗು. ಯಜಮಾನರು ಬಿಲ್ಲಿನ ಪುಸ್ತಕ ಮಡಚಿ, "ಈಗ ಎಂತಕ್ಕೆ ಅವಸರ? ಕಾರ್ಯ ಕಳೆಯಲಿ. ಒಡೆಯದ ಗೋಣಿ, ಉಳಿದ ಎಣ್ಣೆಯ ಡಬ್ಬಿ ಹಿಂದೆ ತರ್ತೀರಲ್ಲ, ಆಗ ಲೆಕ್ಕ ಮಾಡುವ. ನಿಮ್ಮ ಅಪ್ಪನ ಕಾಲದಿಂದ ಹಾಗೇ ಅಲ್ವಾ?" ಎಂದರು.

ಮದುವೆಯ ಸಾಮಾನಿನಲ್ಲಿ ಉಳಿದದ್ದನ್ನು ಅಂಗಡಿಗೆ ಹಿಂದೆ ಕೊಟ್ಟು ಆಮೇಲೆ ಲೆಕ್ಕ ಮುಗಿಸುವುದು ನಮ್ಮ ಕಡೆಯ ಹಳೆಯ ಪದ್ಧತಿ. ಅವರು ಹೇಳಿದ್ದರಲ್ಲಿ ಮೋಸವಿರಲಿಲ್ಲ. ಬೇಡ, ಈಗಲೇ ತೆಗೆದುಕೊಳ್ಳಿ ಎಂದು ನಾನು ಹೇಳಿದ್ದರೆ ಯಂತ್ರವನ್ನು ನನ್ನ ಕಡೆ ತಳ್ಳುತ್ತಿದ್ದರು. ಒಂದು ಮಾತು ಸಾಕಿತ್ತು. ನಾಚಿಕೆಯಿಂದ ಹೇಳಲಿಲ್ಲ ಎಂದು ಇಷ್ಟು ಕಾಲ ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ಕಾರ್ಡನ್ನು ಜೇಬಿಗೆ ಹಾಕುವಾಗ, ಈ ವರ್ಷ ಗೋಲ್ಡ್ ಹೋದರೆ ಹೋಗಲಿ, ಅವಳ ಹಾರಾಟ ನಿಂತು ನನ್ನ ಬೆನ್ನು ಬಿಡಲಿ ಎಂದು ನನ್ನ ಮನಸ್ಸಿನಲ್ಲಿ ಬಂದಿತ್ತು. ಬಂದದ್ದನ್ನು ನಾನು ಓಡಿಸಲಿಲ್ಲ. ಉಪ್ಪಿನಂಗಡಿಯ ದಾರಿ ಹಿಡಿಯದೆ ಕಾಣಿಯೂರಿನ ಮೇಲೆ ಹೋದರೆ ಕಡಬ ಹತ್ತಿರವೇ. ಆ ದಾರಿಯುದ್ದಕ್ಕೂ ಹಗುರಾಗಿದ್ದೆ.

ಮದುವೆ ಕಳೆಯಿತು. ಉಳಿದ ಸಾಮಾನು ಹಿಂದೆ ಕೊಟ್ಟು ಬರಲು ನಾನು ಸಂಕ್ರಾಂತಿಯವರೆಗೆ ತಡ ಮಾಡಿದೆ. ಆಗ ಉಜ್ಜಿದೆ.

ಫೋನಿನಲ್ಲಿ ಬ್ಯಾಂಕಿನ ಲೆಕ್ಕದಲ್ಲಿ ಆ ಬಿಲ್ಲಿನ ತಾರೀಕು ಕಂಡಾಗ ಅಕ್ಕ ಅಂಗಳದಲ್ಲಿ ನಡೆಯುತ್ತಿದ್ದಳು. ನಡೆಯುತ್ತಿದ್ದವಳು ನಿಂತಳು. ನಾನು ಪಿಕಪ್ ತೊಳೆಯುತ್ತಿದ್ದವನು ಬಾಗಿಯೇ ಇದ್ದೆ.

"ನೀನು ಅವತ್ತೇ ಉಜ್ಜಿದ್ದಲ್ವಾ?"

"ಹೌದು."

"ಇಲ್ಲಿ ಜನವರಿಯಲ್ಲಿ ತೋರಿಸ್ತದೆ. ಅವರ ಮಿಷನಿನ ಹಣೆಬರಹ ಇರ್ಬೇಕು, ನೆಟ್‌ವರ್ಕ್ ಇಲ್ಲದೆ ನಿಂತು ಆಮೇಲೆ ಹೋದದ್ದು." ಫೋನನ್ನು ಕಣ್ಣಿನ ಹತ್ತಿರ ಹಿಡಿದು ಪುನಃ ನೋಡಿದಳು. "ಅಲ್ಲ, ನನ್ನದೇ ತಪ್ಪು. ಕಡೆಯ ಮದುವೆಯವರೆಗೆ ಕಾಯ್ಬಾರ್ದಿತ್ತು. ಮೊದಲೇ ಯಾರದ್ದಾದ್ರೂ ಒಂದು ಫ್ರಿಜ್ಜು ಹಿಡಿದಿದ್ರೆ ಆಗ್ತಿತ್ತು."

ಸಹಾಯವಾಣಿಗೆ ಫೋನ್ ಮಾಡಿದಳು. ಆ ದಿನ ಪೇಟೆಗೆ ಎರಡು ಸಲ ಹೋಗಿ ಬಂದಿರಬೇಕು, ಅಷ್ಟು ಹೊತ್ತು ಕಾಯಿಸಿದರು. ಆಗುವುದಿಲ್ಲ ಎಂದರು. ಗೋಲ್ಡ್ ಹೋಯಿತು, ಕೆಳಗಿನ ದರ್ಜೆ ಉಳಿಯಿತು. ನನ್ನ ಬೆನ್ನು ಮಾತ್ರ ಬಿಡಲಿಲ್ಲ. ಟಿಕೆಟ್ ಆಗಿದೆ, ಹೇಗೂ ಹೋಗುವ ಎಂದಳು. ಬರುವುದಿಲ್ಲ ಎನ್ನಲು ಈಗ ನನಗೆ ಬಾಯಿಯಿರಲಿಲ್ಲ.

ಬೆಂಗಳೂರಿನ ನಿಲ್ದಾಣದಲ್ಲಿ ಅವಳು ನನ್ನ ಮುಂದೆ ಮುಂದೆ ಓಡುವ ಹಾಗೆ ನಡೆಯುತ್ತಿದ್ದಳು. ಎಲ್ಲಿ ಬೆಲ್ಟು ಬಿಚ್ಚಬೇಕು, ಎಲ್ಲಿ ಬಾಯಿ ಮುಚ್ಚಿ ನಿಲ್ಲಬೇಕು ಎಂದು ಹೇಳುತ್ತಾ ಹೋದಳು. ಕಡೆಗೆ ಒಂದು ಗಾಜಿನ ಬಾಗಿಲಿನ ಹತ್ತಿರ ನಿಧಾನವಾದಳು. ಜನ ಕಾರ್ಡು ತೋರಿಸಿ ಒಳಗೆ ಹೋಗುತ್ತಿದ್ದರು. ಬಾಗಿಲು ತೆರೆದಾಗಲೆಲ್ಲ ಬೆಣ್ಣೆ ಕಾಯಿಸಿದ ವಾಸನೆ ಬರುತ್ತಿತ್ತು. ಅದು ಗೋಲ್ಡಿನವರ ಲೌಂಜು. ಪಕ್ಕದಲ್ಲೇ ಇನ್ನೊಂದು, ಕ್ರೆಡಿಟ್ ಕಾರ್ಡು ತೋರಿಸಿದರೆ ಬಿಡುವಂಥದ್ದು. ಅಲ್ಲಿ ಮದುವೆಯ ಎರಡನೆಯ ಪಂಕ್ತಿಗೆ ಕಾದವರ ಹಾಗೆ ಜನ ನಿಂತಿದ್ದರು. ಆ ಕಾರ್ಡಿನಲ್ಲಿ ಅಕ್ಕನೊಬ್ಬಳಿಗೆ ಮಾತ್ರ ಹೋಗಬಹುದಿತ್ತು, ಜೊತೆಯವರಿಗೆ ಇಲ್ಲ.

"ನೀನು ಹೋಗು ಅಕ್ಕ. ತಿಂದು ಬಾ. ನಾನು ಇಲ್ಲಿ ಇರ್ತೇನೆ" ಎಂದೆ.

"ನಿನ್ನನ್ನು ಹೊರಗೆ ಕೂರಿಸಿ ಒಳಗೆ ಉಣ್ಣಲಿಕ್ಕೆ ನಾನೆಂತ ದಿಬ್ಬಣದವಳಾ?"

ಇಬ್ಬರೂ ಕಬ್ಬಿಣದ ಕುರ್ಚಿಯಲ್ಲಿ ಕೂತೆವು. ಹೌದು, ಅಕ್ಕ ಕೂತಳು. ಚೀಲದಿಂದ ಮನೆಯಿಂದ ತಂದ ಅವಲಕ್ಕಿಯ ಡಬ್ಬಿ ತೆಗೆದಳು. ಮುಚ್ಚಳದಲ್ಲಿ ನನಗೆ ಹಾಕಿಕೊಟ್ಟು, ತಾನು ತಿನ್ನದೆ ಆ ಬಾಗಿಲನ್ನೇ ನೋಡುತ್ತಿದ್ದಳು. ಒಳಗೆ ಯಾರೋ ಒಬ್ಬರು ಬಗ್ಗಿ ನಿಂತು ಕುರ್ಚಿಯಲ್ಲಿದ್ದವರ ಹತ್ತಿರ ಏನೋ ಕೇಳುತ್ತಿದ್ದದ್ದು ಗಾಜಿನಲ್ಲಿ ಕಾಣುತ್ತಿತ್ತು.

"ಅಲ್ಲಿ, ಆ ಮೂಲೆಯಲ್ಲಿ ಕೂರಿಸ್ಬೇಕು ಅಂತ ಇತ್ತು ನಿನ್ನನ್ನು" ಎಂದಳು. ಆಮೇಲೆ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟು, "ತಪ್ಪಾಯ್ತು ಮಾರಾಯ. ಅಷ್ಟು ದೂರ ಕರ್ಕೊಂಡು ಬಂದು ಹೊರಗೆ ಕೂರಿಸಿದೆ. ನನ್ನ ಲೆಕ್ಕ ತಪ್ಪಿತು" ಎಂದಳು.

ಅವಲಕ್ಕಿಯ ಮುಚ್ಚಳವನ್ನು ಪಕ್ಕದ ಕುರ್ಚಿಯ ಮೇಲೆ ಇಟ್ಟೆ. ಆಗಲೇ ಹೇಳಬೇಕಿತ್ತು. ನೀರು ಕುಡಿದೆ, ಪರವಾಗಿಲ್ಲ ಎಂದೆ. ನನ್ನ ತಪ್ಪನ್ನು ಅವಳು ತನ್ನದೆಂದು ಹೊತ್ತು ನನ್ನ ಹತ್ತಿರ ಕ್ಷಮೆ ಕೇಳಿದಳು, ನಾನು ದೊಡ್ಡ ಮನಸ್ಸಿನವನ ಹಾಗೆ ಕ್ಷಮಿಸಿದೆ. ಸಿಂಗಾಪುರದಲ್ಲಿ ಏನು ಕಂಡಿರಿ ಎಂದು ಜನ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಆ ಬಾಗಿಲಿನ ಆಚೆ ನನ್ನ ಕಣ್ಣಿಗೆ ಏನೂ ಬೀಳಲಿಲ್ಲ.

ಬರುವ ವರ್ಷ ಪುನಃ ಮಾಡುವ ಎಂದು ಅಕ್ಕ ಹೊರಟಳು. ಹೊಸ ಮದುವೆಗಳನ್ನು ಹಿಡಿದಳು, ಹೊಸ ಫ್ರಿಜ್ಜುಗಳನ್ನು ಹಿಡಿದಳು. ಆದರೆ ಮರುವರ್ಷದ ಬೇಸಗೆಯಲ್ಲಿ ಅವಳ ಬಲ ಹೆಗಲು ಹಿಡಿದುಕೊಂಡಿತು. ಮೊದಲು ಸಟ್ಟುಗ ಎಡಗೈಗೆ ಬಂತು. ಆಮೇಲೆ ಒಗ್ಗರಣೆಗೆ ಬೇರೆಯವರನ್ನು ನಿಲ್ಲಿಸಿದಳು. ಒಂದು ದಿನ ತಲೆ ಬಾಚಲು ಕೈ ಏರಲಿಲ್ಲ. ಡಾಕ್ಟರು ಒಲೆಯ ಕೆಲಸ ಸಾಕು ಎಂದರು. ಪಾತ್ರೆ ಒಯ್ಯುವವರು ಬಂದ ದಿನ ಅವಳು ಒಂದೊಂದು ಕೊಪ್ಪರಿಗೆಯನ್ನೂ ಬೆರಳಿನಿಂದ ತಟ್ಟಿ, ಯಾವುದರ ತಳ ಬೇಗ ಹಿಡಿಯುತ್ತದೆ ಎಂದು ಅವರಿಗೆ ಹೇಳಿಕೊಟ್ಟಳು. ಲಾರಿ ಹೋದ ಮೇಲೆ ಪಾತ್ರೆ ಇಡುತ್ತಿದ್ದ ಖಾಲಿ ಕೊಟ್ಟಿಗೆಯಲ್ಲಿ ನಡೆದಳು, ಹೊರಗೆ ಬಂದಳು, ಪುನಃ ಒಳಗೆ ಹೋದಳು. ಸಂಜೆಯವರೆಗೆ ಅದೇ.

ಈಗ ವಾರದಲ್ಲಿ ಕೆಲವು ದಿನ ಅವಳನ್ನು ಪುತ್ತೂರಿಗೆ ಹೆಗಲಿನ ವ್ಯಾಯಾಮಕ್ಕೆ ಕರೆದುಕೊಂಡು ಹೋಗುತ್ತೇನೆ. ಚಿಕಿತ್ಸೆಯ ಕೋಣೆಯ ಹೊರಗೆ ಉದ್ದನೆಯ ಬೆಂಚು, ಬೆಂಚಿನ ತುಂಬ ಕೈ ಕಾಲು ನೋವಿನವರು. ಟೋಕನ್ ಕರೆಯುವವರೆಗೆ ಕೂರಲೇಬೇಕು. ಅಕ್ಕನಿಗೆ ಇದು ನೋವಿಗಿಂತ ಕಷ್ಟ. ಹೋದ ವಾರ ಅವಳು ಕಾಲು ಅಲ್ಲಾಡಿಸುತ್ತಾ, ಆಚೀಚೆ ನೋಡುತ್ತಾ, ಪಕ್ಕದಲ್ಲಿದ್ದ ಅಜ್ಜಿಯ ಮೊಣಕಾಲಿನ ಕತೆಯನ್ನೂ ಕೇಳಿ ಮುಗಿಸಿದಳು.

"ಇಲ್ಲೂ ಒಂದು ಗೋಲ್ಡ್ ಇಡ್ಬೇಕು ಮಾರಾಯ, ಮೊದಲು ಬಿಡ್ಲಿಕ್ಕೆ" ಎಂದಳು.

ಅಜ್ಜಿಗೆ ಅರ್ಥವಾಗಲಿಲ್ಲ. "ಎಂತ ಇಡುದು?" ಎಂದು ಕೇಳಿದರು.

"ಎಂತ ಇಲ್ಲ ಅಜ್ಜಿ, ನಮ್ಮದು ಒಂದು ಹುಚ್ಚು." ನನ್ನ ಕಡೆ ತಿರುಗಿ ದನಿ ತಗ್ಗಿಸಿದಳು. "ಇನ್ನು ಆಗ್ಲಿಕ್ಕಿಲ್ಲ ಅದು. ಅಡುಗೆಯೇ ಇಲ್ಲದಿದ್ರೆ ಎಂತ ಉಜ್ಜುದು? ಒಂದು ಮನೆಯ ಅಕ್ಕಿ ಬೇಳೆಗೆ ಯಾರು ಗೋಲ್ಡ್ ಕೊಡ್ತಾರೆ? ನನಗೆ ಅದು ಹೋದದ್ದು ಏನಿಲ್ಲ, ನಾನು ಕೂತಿದ್ದೇನೆ, ತಿಂದಿದ್ದೇನೆ. ಆ ಒಂದು ವರ್ಷ ನಾನು ಸರಿ ಲೆಕ್ಕ ಹಾಕಿದ್ರೆ ನಿನ್ನನ್ನು ಒಂದು ಸಲ ಕೂರಿಸ್ತಿದ್ದೆ. ಅದೊಂದು ಮನಸ್ಸಿನಲ್ಲಿ ಚುಚ್ಚುತ್ತಾ ಉಂಟು."

ಒಳಗಿನಿಂದ ಯಾರದೋ ಟೋಕನ್ ಕರೆದರು, ಅವಳದ್ದಲ್ಲ. ಅವಳು ಆದರೂ ಏಳಲು ಹೊರಟಳು, ಸ್ವಲ್ಪ ನಡೆದು ಬರ್ತೇನೆ ಎಂದು. ನಾನು ಅವಳ ಎಡಗೈ ಹಿಡಿದು ಕೂರಿಸಿದೆ. ಎಷ್ಟು ಜೋರಾಗಿ ಹಿಡಿದೆನೋ, ಅವಳು ನನ್ನ ಮುಖ ನೋಡಿದಳು. ಮೆಲ್ಲನೆ ಹೇಳಬೇಕು ಎಂದುಕೊಂಡಿದ್ದೆ. ಇಷ್ಟು ಕಾಲ ಒಳಗಿದ್ದ ಮಾತು ದೊಡ್ಡದಾಗಿಯೇ ಹೊರಗೆ ಬಂತು, ಬೆಂಚಿನ ಆ ತುದಿಯವರೂ ತಿರುಗಿದರು.

"ಅಕ್ಕ, ನಿನ್ನ ಲೆಕ್ಕ ತಪ್ಪಿದ್ದಲ್ಲ. ಅಂಗಡಿಯವರ ಮಿಷನಿಗೂ ಎಂತ ಆಗಿರ್ಲಿಲ್ಲ. ಕಾರ್ಡು ನನ್ನ ಜೇಬಲ್ಲೇ ಇತ್ತು, ನಾನು ಅವತ್ತು ಉಜ್ಜಲೇ ಇಲ್ಲ. ಜನ ನಗ್ತಾರೆ ಅಂತ ಉಜ್ಜಲಿಲ್ಲ, ನೀನು ಹೋಗುದು ನಿಲ್ಲಲಿ ಅಂತಲೂ ಉಜ್ಜಲಿಲ್ಲ. ಉಜ್ಜಿದೆ ಅಂತ ನಿನ್ನ ಹತ್ರ ಸುಳ್ಳು ಹೇಳಿದೆ. ಬೆಂಗಳೂರಲ್ಲಿ ಆ ಬಾಗಿಲ ಹತ್ರ ನೀನು ನನ್ನ ಹತ್ರ ತಪ್ಪಾಯ್ತು ಹೇಳಿದಿ, ಆಗಲೂ ನಾನು ಬಾಯಿ ಬಿಡ್ಲಿಲ್ಲ. ತಪ್ಪು ನನ್ನದು ಅಕ್ಕ. ತಪ್ಪಾಯ್ತು."